ಬಾಗಿಲಿಗೆ ಬೇವಿನ ಸೊಪ್ಪು

ನಂಜನಗೂಡಿನ ಹತ್ತಿರದ ಬೀದಿನಾಯಿಗಳ ಆಶ್ರಯವೊಂದಕ್ಕೆ ನಾನು ವಾರಕ್ಕೊಮ್ಮೆ ಹೋಗುವ ಪಶುವೈದ್ಯ. ಒಮ್ಮೆ ಮರಿಗಳಿಗೆ ಪಾರ್ವೊ ಅನ್ನುವ ಅಂಟುರೋಗ ಬಂತು. ವಾಂತಿ, ರಕ್ತಭೇದಿ. ಎರಡು ಮರಿ ಸತ್ತೇಹೋದವು. ರೋಗ ಬಂದವನ್ನು ಬೇರೆ ಕೋಣೆಗೆ ಹಾಕಿಸಿ, ಬಾಗಿಲಿಗೆ 'ಪ್ರವೇಶವಿಲ್ಲ' ಅಂತ ದೊಡ್ಡ ಬೋರ್ಡು ಹೊಡೆಸಿದೆ. ಹುಟ್ಟುಹಬ್ಬಕ್ಕೆಂದು ಬಿಸ್ಕೆಟ್ ತರುವವರು ಅದನ್ನು ಓದಿ, "ಒಂದೇ ನಿಮಿಷ ಸಾ" ಅಂತ ಒಳಗೆ ನುಗ್ಗಿ, ಅದೇ ಕೈಯಲ್ಲಿ ಪಕ್ಕದ ಕೋಣೆಯ ಆರೋಗ್ಯವಾದ ಮರಿಗಳನ್ನೂ ಮುದ್ದಾಡುತ್ತಿದ್ದರು.

ಮುಂದಿನ ವಾರ ಹೋದರೆ ಆ ಬಾಗಿಲ ಬಳಿ ಒಂದು ನರಪಿಳ್ಳೆ ಇಲ್ಲ. ಮೇಲೆ, ಸಿಡುಬಾದ ಮನೆಗೆ ಕಟ್ಟುವ ಹಾಗೆ, ಬೇವಿನ ಸೊಪ್ಪು ನೇತಾಡುತ್ತಿದೆ. ಮರಿಗಳನ್ನು ನೋಡಿಕೊಳ್ಳುವ ಪುಟ್ಟತಾಯಮ್ಮನ ಕೆಲಸ.

"ಇವಕ್ಕೆ ಅಮ್ಮ ಆಗಿಲ್ಲ ಕಣಮ್ಮ, ಇದು ಪಾರ್ವೊ," ಅಂದೆ.

"ನಂಗೊತ್ತಿಲ್ವಾ ಸಾ? ಬಂದೋರ್ಗೆ ಗೊತ್ತಿಲ್ವಲ್ಲ. ಅಮ್ಮ ಆಗ್ಯದೆ ಅಂದ್ಕಂಡು ಒಬ್ರೂ ಒಳಿಕ್ಕೆ ಕಾಲಿಡಕಿಲ್ಲ."

ನಗುತ್ತಲೇ ಒಳಗೆ ಹೋಗಿ ರೋಗಿಗಳಿಗೆ ಸೂಜಿ ಹಾಕಿ, ಆರೋಗ್ಯವಾದ ಮರಿಗಳ ಕಡೆ ಹೊರಟೆ. ಪುಟ್ಟತಾಯಮ್ಮ ಪೊರಕೆ ಅಡ್ಡ ಹಿಡಿದರು.

"ಅವುನ್ನ ಮುಟ್ಟಿ ಇಲ್ಗ್ ಬತ್ತೀರಾ? ನೀವೇ ತಾನೆ ಏಳಿದ್ದು, ರೋಗದವು ಕೊನೇಲಿ ಅಂತ? ಓಗಿ, ನೀರು ಉಯ್ಕಂಡ್ ಬನ್ನಿ."

ಸ್ನಾನ ಮಾಡಿ, ಉಳಿದ ಮರಿಗಳನ್ನು ಪುಟ್ಟತಾಯಮ್ಮನ ಯಜಮಾನರ ಲುಂಗಿ ಉಟ್ಟೇ ನೋಡಿದೆ.

ನನ್ನ ಬೋರ್ಡನ್ನು ಮಾತ್ರ ಅವರು ತೆಗೆದಿಲ್ಲ. ಸೊಪ್ಪು ಕಟ್ಟೋಕೆ ಅದರ ಮೊಳೆ ಬೇಕಂತೆ.