ಅವ್ವನಿಗೆ ಹೇಳದ ಅರ್ಥ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಒಂದು ಇಂಗ್ಲಿಷ್ ವಿಶೇಷಣ ಬಂದು ಸೇರಿಕೊಂಡಿತು: ಕಂಪ್ಯಾಷನೇಟ್. ಶಾಲೆಯಲ್ಲಿ ಅದಕ್ಕೆ ‘ದಯೆಯುಳ್ಳ’ ಎಂದು ಅರ್ಥ ಬರೆದು ಅಂಕ ಗಳಿಸಿದ್ದೆ. ವಿಶಾಖಪಟ್ಟಣದ ಅಪ್ಪನ ಆಫೀಸಿನಲ್ಲಿ ಮಾತ್ರ ಅದು ದಯೆ ತೋರುವವರನ್ನು ಬಿಟ್ಟು ಬೇಡುವವರಿಗೆ ಅಂಟಿಕೊಂಡಿತ್ತು. ಕಂಪ್ಯಾಷನೇಟ್ ಹುಡುಗಿ ಬಂದಿದ್ದಾಳೆ ಎಂದು ಗುಮಾಸ್ತರು ನನ್ನೆದುರೇ ಅನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಆದರೆ ಕ್ವಾರ್ಟರ್ಸ್ ಖಾಲಿ ಮಾಡಲು ನೋಟಿಸು ಬಂದಾಗಿತ್ತು. ನೌಕರ ತೀರಿಕೊಂಡರೆ ಕಷ್ಟದಲ್ಲಿರುವ ಅವನ ಮನೆಯವರಿಗೆ ಅನುಕಂಪದಿಂದ ಕೊಡುವ ಆ ನೌಕರಿ ನನಗೆ ಸಿಗದಿದ್ದರೆ ಅವ್ವ, ನಾನು ಇಬ್ಬರೂ ಧಾರವಾಡದಲ್ಲಿ ಸೋದರಮಾವನ ಹಂಗಿನಲ್ಲಿ ಬದುಕಬೇಕಿತ್ತು.

ಆ ಶಬ್ದದ ಅರ್ಥವೇನು ಎಂದು ಅವ್ವ ಒಮ್ಮೆ ಕೇಳಿದಳು. ಅಪ್ಪ ಇಷ್ಟು ವರ್ಷ ಚೆನ್ನಾಗಿ ದುಡಿದದ್ದಕ್ಕೆ ಮಕ್ಕಳಿಗೆ ಕೊಡುವ ನೌಕರಿ ಎಂದುಬಿಟ್ಟೆ. ಯಾರ ಮುಂದೆಯೂ ಕೈ ಚಾಚದ ಹೆಂಗಸು ಅವಳು. ನಿಜ ಹೇಳಿದ್ದರೆ ಅರ್ಜಿಗೆ ಸಹಿ ಹಾಕುತ್ತಿರಲಿಲ್ಲ.

ಕೆಲವು ತಿಂಗಳ ನಂತರ ವಿಜಯವಾಡದ ಮುಖ್ಯ ಕಚೇರಿಯಿಂದ ಒಬ್ಬ ಇನ್‌ಸ್ಪೆಕ್ಟರ್ ಬರುವುದೆಂದಾಯಿತು. ಮನೆಯವರು ನಿಜಕ್ಕೂ ಕಷ್ಟದಲ್ಲಿದ್ದಾರೋ ಇಲ್ಲವೋ ನೋಡಿ ವರದಿ ಬರೆಯುವುದು ಅವರ ಕೆಲಸ. ಹಳೇ ಬಟ್ಟೆ ಉಟ್ಟುಕೊಳ್ಳಿ, ಅಮ್ಮ ಅಳುತ್ತ ಕೂತಿದ್ದರೆ ಸಾಕು ಎಂದು ಅಪ್ಪನ ಗೆಳೆಯರೊಬ್ಬರು ಬುದ್ಧಿ ಹೇಳಿದ್ದರು. ಇದನ್ನು ಅವ್ವನಿಗೆ ಯಾವ ಬಾಯಿಂದ ಹೇಳಲಿ? ಅಧಿಕಾರಿ ಬರುತ್ತಾರೆ ಎಂದಷ್ಟೇ ಹೇಳಿ ಅವರನ್ನು ಕರೆತರಲು ಗೇಟಿಗೆ ಹೋದೆ.

ಇಬ್ಬರೂ ಒಳಗೆ ಬಂದೆವು. ಅಪ್ಪ ತಂದುಕೊಟ್ಟಿದ್ದ ಜರಿಯಂಚಿನ ಮಂಗಳಗಿರಿ ಸೀರೆ ಉಟ್ಟು ಅವ್ವ ನಿಂತಿದ್ದಳು. ಒಳ್ಳೆಯ ಕೆಲಸಕ್ಕೆಂದು ಅಪ್ಪನಿಗೆ ಆಫೀಸಿನಲ್ಲಿ ಕೊಟ್ಟಿದ್ದ ಫಲಕವನ್ನು ಒರೆಸಿ ಮೇಜಿನ ಮೇಲೆ ಇಟ್ಟಿದ್ದಳು. ನಮ್ಮ ಧಾರವಾಡದ ಕಡೆಯ ಪದ್ಧತಿಯಂತೆ ಮೊದಲು ಬೆಲ್ಲ, ನೀರು. ಹಿಂದೆಯೇ ಗೋಡಂಬಿ ಹಾಕಿದ ಉಪ್ಪಿಟ್ಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಒಳಗೊಳಗೇ ಹಲ್ಲು ಕಡಿದೆ.

ಇನ್‌ಸ್ಪೆಕ್ಟರ್ ತಟ್ಟೆಯನ್ನು ನೋಡಿದರು, ಸೀರೆಯನ್ನು ನೋಡಿದರು, ಪೆನ್ನು ತೆಗೆದರು. ಯಜಮಾನರು ಹೋದ ಮೇಲೆ ಮನೆ ಹೇಗೆ ನಡೆಯುತ್ತಿದೆ ಎಂದು ತೆಲುಗಿನಲ್ಲಿ ಕೇಳಿದರು.

ಅವ್ವ ಕನ್ನಡದಲ್ಲೇ ಉತ್ತರಿಸಿದಳು. "ನಮಗೇನೂ ಕಮ್ಮಿ ಇಲ್ರಿ. ಅವರು ಎಲ್ಲಾ ಛಲೋ ಮಾಡಿಟ್ಟು ಹೋಗ್ಯಾರ."

ಅಮ್ಮ ಏನನ್ನುತ್ತಿದ್ದಾರೆ ಎಂದು ಅವರು ನನ್ನತ್ತ ತಿರುಗಿದರು. ಅಪ್ಪ ಏನೂ ಉಳಿಸಿಲ್ಲ, ಎಷ್ಟೋ ದಿನ ಒಲೆ ಹೊತ್ತುವುದಿಲ್ಲ, ಈ ಉಪ್ಪಿಟ್ಟಿನ ರವೆಯೂ ಕೆಳಗಿನ ಮನೆಯವರು ಕೊಟ್ಟದ್ದು ಎಂದು ಒಂದೇ ಉಸಿರಿನಲ್ಲಿ ತೆಲುಗಿನಲ್ಲಿ ಹೇಳಿದೆ.

ಇಪ್ಪತ್ತೈದು ವರ್ಷ ಈ ಊರಿನ ಸಂತೆಯಲ್ಲಿ ಚೌಕಾಸಿ ಮಾಡಿದವಳಿಗೆ ತೆಲುಗು ತಿಳಿಯುವುದಿಲ್ಲವೇ? ಮಾತಾಡಲು ಸಂಕೋಚ, ಅಷ್ಟೇ. ಅದು ನನಗೆ ಗೊತ್ತಿದ್ದೇ ಹೇಳಿದ್ದೆ. ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇನ್‌ಸ್ಪೆಕ್ಟರಿಗೂ ಅನುಮಾನ ಬಂದಿರಬೇಕು. ಅವರು ಬರೆಯಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹುಡುಗಿ ಹೇಳಿದ್ದು ನಿಜವೇ ಎಂದು ಅವ್ವನನ್ನೇ ನಿಧಾನವಾಗಿ ಕೇಳಿದರು. ಅವ್ವ ಮೇಜಿನ ಮೇಲಿನ ಫಲಕದ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ಅವಳು ಇಲ್ಲ ಎಂದರೆ ಎಲ್ಲ ಮುಗಿಯಿತು, ನಾನು ಸುಳ್ಳುಗಾತಿ.

"ಅವುನಂಡಿ," ಎಂದಳು ಅವ್ವ. ಹೌದು ಎಂದು, ತೆಲುಗಿನಲ್ಲಿ.

ಅವರು ಬರೆದುಕೊಂಡು ಹೊರಟುಹೋದರು. ಅವ್ವ ತಟ್ಟೆ ತೊಳೆದಿಟ್ಟಳು, ಸೀರೆ ಬದಲಿಸಿದಳು, ಫಲಕವನ್ನು ಟ್ರಂಕಿನೊಳಗೆ ಹಾಕಿದಳು. ನಾನು ಹಿಂದೆ ಹಿಂದೆಯೇ ತಿರುಗುತ್ತ, ಬೇರೆ ದಾರಿ ಇರಲಿಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದೆ. ನನಗೆ ನಾಚಿಕೆಯಾಗಿತ್ತು, ಅದನ್ನು ಮಾತ್ರ ಹೇಳಲಿಲ್ಲ. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೌಕರಿ ಸಿಗತದ, ಬಿಡು," ಎಂದಳು. "ಆದ್ರ ನಿಮ್ಮಪ್ಪಾರ ಫೋಟೋದ ಮುಂದ ಇನ್ ಮ್ಯಾಲೆ ದೀಪ ನೀ ಹಚ್ಚು. ಅವರ ಬಗ್ಗೆ ಹಂಗ ಒಪ್ಪಿಕೊಂಡ ಮ್ಯಾಲೆ ನನಗ ಆಗೂದಿಲ್ಲ."

ಆ ನೌಕರಿಯಲ್ಲಿ ಈಗಲೂ ಇದ್ದೇನೆ. ದೀಪವನ್ನೂ ನಾನೇ ಹಚ್ಚುತ್ತೇನೆ.