ಆಯಿ ನುಂಗದ ಮಣೂಕ

ಮೊನ್ನೆ ಸಿಂದಗಿಯಲ್ಲಿ ಒಂದು ತೊಟ್ಟಿಲ ಕಾರ್ಯಕ್ರಮ. ತಾಟಿಗೆ ಬಿಸಿ ಶಿರಾ ಬಿತ್ತು. ಅದರ ಮೇಲೆ ತುಪ್ಪ ಕುಡಿದು ಉಬ್ಬಿದ ಒಂದು ಒಣದ್ರಾಕ್ಷಿ. ಎಂದಿನಂತೆ ಅದನ್ನು ಬೆರಳಿನಿಂದ ಅಂಚಿಗೆ ದಬ್ಬಿದೆ. ಆಮೇಲೆ, ಅದೂ ಎಂದಿನಂತೆಯೇ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗೆ ಹಾಕಿ ಒಮ್ಮೆ ಕಚ್ಚಿದೆ. ತುಪ್ಪದ ಘಮದ ಹಿಂದಿನಿಂದ ಗಂಧಕದ ವಾಸನೆ ಮೂಗಿಗೆ ಏರಿತು... ತಾಂಬಾ ಊರಿನ ನಮ್ಮ ಶೆಡ್ಡು, ದ್ರಾಕ್ಷಿ ಒಣಹಾಕಲು ಒಂದರ ಮೇಲೊಂದು ಕಟ್ಟಿದ ಬಲೆಗಳು, ಅವುಗಳ ನಡುವೆ ಬಗ್ಗಿ ನಿಂತ ಆಯಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು.

ಆಯಿ ನನಗೆ ಸಂಬಂಧಿಯಲ್ಲ. ಗಂಡನ ಮನೆಯ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವ, ಆರಿಸುವ ಹೆಂಗಸರಿಗೆ ಅವಳೇ ಹಿರಿಯಳು. ಎಲ್ಲರಿಗೂ ಆಯಿ, ಹಾಗಾಗಿ ನನಗೂ ಆಯಿ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತೇವೆ. ನಮ್ಮ ಮನೆಯ ಮಣೂಕದ ಪೆಟ್ಟಿಗೆಗಳನ್ನು ವ್ಯಾಪಾರಿಗಳು ಬಿಚ್ಚಿ ನೋಡುತ್ತಿರಲಿಲ್ಲ. ಆಯಿಯ ಬಾಯಿ ದಾಟಿ ಬಂದಿದೆ ಅಂದರೆ ಮುಗಿಯಿತು. ಬಲೆಗಳ ಪ್ರತಿ ಅಂತಸ್ತಿನಿಂದ ಒಂದೊಂದೇ ಕಾಳು ತೆಗೆದು ಬಾಯಿಗೆ ಹಾಕುವಳು, ಕಣ್ಣು ಮುಚ್ಚುವಳು, ಅಂಗೈಗೆ ಉಗುಳುವಳು. “ಇದು ಇನ್ನೆರಡ ದಿನ ಇರ್ಲಿ.” “ಇದಕ್ಕ ಹೊಗಿ ಹೆಚ್ಚಾತು.” ಅಷ್ಟೇ. ಬಣ್ಣ ಬರಲೆಂದು ಕೊಡುವ ಗಂಧಕದ ಹೊಗೆ ತುಸು ಹೆಚ್ಚಾದರೂ ಅವಳಿಗೆ ತಿಳಿಯುತ್ತಿತ್ತು. ಅಬ್ಬಾ, ಅದೆಂಥ ನಾಲಿಗೆ! ಹೊಸದಾಗಿ ಮದುವೆಯಾಗಿ ಬಂದಿದ್ದ ನಾನು ಕೆಲಸ ಬಿಟ್ಟು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ನನಗೋ ಮಣೂಕ ಕಂಡರೆ ಆಗದು. ಹೊಳೆ ದಂಡೆಯ ತಂಗಡಗಿಯಲ್ಲಿ ಬೆಳೆದವಳು ನಾನು. ತವರಿನಲ್ಲಿ ಪಾಯಸದಿಂದ ಅದನ್ನು ಆರಿಸಿ ಅಣ್ಣನ ತಾಟಿಗೆ ಹಾಕಿದರೆ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಹಾಗಾದೀತೇ? ಮಾದಲಿಯಲ್ಲಿ ಮಣೂಕ, ಶಿರಾದಲ್ಲಿ ಮಣೂಕ, ಬಂದವರ ಕೈಗೆಲ್ಲ ಒಂದು ಮುಷ್ಟಿ ಮಣೂಕ. ನನ್ನ ತಾಟಿನ ಅಂಚಿನಲ್ಲಿ ಸಾಲಾಗಿ ಕೂತ ಕಾಳುಗಳು ಒಂದು ದಿನ ಅತ್ತೆಯ ಕಣ್ಣಿಗೆ ಬಿದ್ದವು. ಮರುದಿನ ಶೆಡ್ಡಿನಲ್ಲಿ ಎಲ್ಲರೆದುರೇ ಸಾರಿಬಿಟ್ಟರು: “ಮಣೂಕದ ಮನಿಗೆ ಮಣೂಕ ತಿನ್ನಲಾರದ ಸೊಸಿ ಬಂದಾಳ ನೋಡ್ರೆವ್ವಾ!” ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಗದಿದ್ದವಳು ಆಯಿ ಒಬ್ಬಳೇ. ಸಂಜೆ ನನ್ನನ್ನು ಬಲೆಗಳ ಹಿಂದೆ ಕರೆದು ಮೆಲ್ಲಗೆ ಹೇಳಿದಳು.

“ನನಗೂ ಸೇರೂದಿಲ್ಲ ತಂಗಿ. ಹುಟ್ಟಿದಾಗಿಂದ ಒಂದ ಕಾಳ ನುಂಗಿಲ್ಲ.”

“ಮತ್ತ ದಿನಾ ಬಾಯಾಗ ಹಾಕ್ಕೋತಿಯಲ್ಲ ಆಯಿ?”

“ಸೇರೂದಿಲ್ಲ ಅಂತನ ಹಾಕ್ಕೋತೇನಿ. ಇಷ್ಟಪಟ್ಟು ತಿನ್ನಾವ್ರ ನಾಲಿಗಿ ಎಲ್ಲಾ ಮಾಫಿ ಮಾಡಿಬಿಡತೈತಿ. ನಂದು ಮಾಡೂದಿಲ್ಲ.”

ಬೇಡವೆನ್ನುವುದೂ ಒಂದು ಶಕ್ತಿ ಇರಬಹುದೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಅವಳ ಹಿಂದೆಯೇ ಸುತ್ತತೊಡಗಿದೆ. ಅವಳು ಉಗುಳಿದ ಮೇಲೆ ಅದೇ ಅಂತಸ್ತಿನ ಇನ್ನೊಂದು ಕಾಳನ್ನು ನಾನೂ ಬಾಯಿಗೆ ಹಾಕಿ, ಮುಖ ಕಿವುಚಿ, ಉಗುಳಿ ಕಲಿತೆ.

ಮರುವರ್ಷ ಬೇಸಿಗೆಯ ನಡುವೆ, ಬಲೆಗಳೆಲ್ಲ ತುಂಬಿದ್ದಾಗ, ಗಾಳಿ ಮಳೆ ಒಟ್ಟಿಗೆ ಬಂತು. ಆಯಿ ತಾಡಪತ್ರಿ ಎಳೆದು ಕಟ್ಟುತ್ತ ಪೂರ್ತಿ ತೊಯ್ದಳು. ಬಿಸಿಲು ಮರಳಿತು, ಮಾಲೂ ಒಣಗಿದಂತೆ ಕಂಡಿತು. ಆದರೆ ಪೆಟ್ಟಿಗೆ ತುಂಬುವ ದಿನ ಆಯಿಗೆ ಎಂಥ ನೆಗಡಿಯೆಂದರೆ ಮೆಣಸಿನಕಾಯಿ ಕಡಿದರೂ ರುಚಿ ಹತ್ತುತ್ತಿರಲಿಲ್ಲ. ಮಾವ ಕಾಯುತ್ತ ನಿಂತಿದ್ದರು. ಮಾಲು ಕೆಟ್ಟಿದ್ದರೆ, ಬಿಚ್ಚಿ ನೋಡದೆ ಒಯ್ಯುವ ಆ ನಂಬಿಕೆ ಅಂದಿಗೇ ಮುಗಿಯುತ್ತಿತ್ತು.

“ಸೊಸಿ ನೋಡ್ತಾಳ್ರಿ,” ಅಂದಳು ಆಯಿ.

ನಾನು ಬಲೆಗಳತ್ತ ನಡೆದೆ. ಮೊದಲನೆಯ ಅಂತಸ್ತು ಚೆನ್ನಾಗಿತ್ತು. ಎರಡನೆಯದರ ಕಾಳು ಕಚ್ಚಿದೆನೋ ಇಲ್ಲವೋ, ಸಿಹಿಯ ಅಡಿಯಲ್ಲಿ ಸಣ್ಣ ಹುಳಿ, ಹಳಸಿದ ಹುಳಿ. ಮಾವನ ಮುಖ ನೋಡಿದೆ. ಬಾಯಿಂದ ಬಂದದ್ದು, “ಛಲೋ ಐತ್ರಿ.”

ಆಯಿ ನನ್ನ ಗದ್ದ ಹಿಡಿದು ತಿರುಗಿಸಿದಳು. “ಬಾಯಿ ಒಂದ ಹೇಳಾಕತ್ತೈತಿ, ಮಾರಿ ಒಂದ ಹೇಳಾಕತ್ತೈತಿ. ಖರೇ ಹೇಳು.”

“ಎರಡನೇದು... ಹುಳಿ ಬಂದೈತ್ರಿ.”

ಮಾವ ಸಿಡಿದರು. “ಮಣೂಕ ತಿನ್ನಾಕ ಬರದಾಕಿ ಮಾತ ಕೇಳಿ ನಾ ಮಾಲ ಬಿಡ್ಲೇನು?”

“ತಿನ್ನಾಕ ಬರದಾಕಿ ಅಂತನ ಕೇಳ್ರಿ ಗೌಡ್ರ,” ಆಯಿ ಜಗ್ಗಲಿಲ್ಲ. “ಆಕಿ ಬಾಯಿ, ನನ್ನ ಬಾಯಿ ಒಂದ.”

ಮಾವ ದುರುಗುಟ್ಟಿ ನೋಡಿ, ಎರಡನೆಯ ಬಲೆಯ ಮೂಲೆಯಲ್ಲಿ ದಪ್ಪಗೆ ಕೂಡಿದ್ದ ರಾಶಿಗೆ ಮೊಣಕೈವರೆಗೆ ಕೈ ಹಾಕಿದರು. ಒಳಗಿನಿಂದ ತೆಗೆದ ಮುಷ್ಟಿಯಲ್ಲಿ ಒದ್ದೆಯಾಗಿ ಅಂಟಿಕೊಂಡ ಕಾಳುಗಳು, ಮೇಲೆ ಬಿಳಿ ಬೂಷ್ಟು. ಆ ಅಂತಸ್ತನ್ನೆಲ್ಲ ಬೇರೆ ಹಾಕಿಸಿದರು. ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಒಂದೇ ಮಾತು: “ಇನ್ನ ಮ್ಯಾಲೆ ಆಕಿ ತಾಟಿಗೆ ಮಣೂಕ ಹಾಕಬ್ಯಾಡ.” ನಾನು ಅತ್ತುಬಿಟ್ಟೆ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ಅದಾಗಿ ಬಹಳ ವರ್ಷ ನಾವಿಬ್ಬರೂ ಕೂಡಿಯೇ ಉಗುಳಿದೆವು. ಕೊನೆಗೆ ಆಯಿ ಹಾಸಿಗೆ ಹಿಡಿದಳು. ಹೊಸ ಮಾಲು ಬಂದಾಗ ನಾಲ್ಕು ಕಾಳು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಒಂದನ್ನು ಅವಳ ಬಾಯಿಗೆ ಇಟ್ಟು, ಉಗುಳಲಿ ಎಂದು ಅಂಗೈ ಚಾಚಿ ಕುಳಿತೆ. ಅವಳು ಕಣ್ಣು ಮುಚ್ಚಿದಳು. ಬಾಯಿ ಮೆಲ್ಲಗೆ ಆಡಿತು. ನಾನು ಕಾಯುತ್ತಲೇ ಇದ್ದೆ...

ಆಯಿ ನುಂಗಿಬಿಟ್ಟಳು.

“ಏನೂ ತಿಳಿಲಿಲ್ಲ ತಂಗಿ,” ಅಂದಳು. “ನೀ ಹೇಳು.”

ಇನ್ನೊಂದು ಕಾಳು ನಾನು ಕಚ್ಚಿದೆ. ಛಲೋ ಐತಿ ಅನ್ನಬಹುದಿತ್ತು, ಅನ್ನಬೇಕೆಂದೇ ಮನಸ್ಸು ಎಳೆಯಿತು. ಆದರೆ ಅವಳು ಕಣ್ಣು ತೆರೆದು ನನ್ನ ಮುಖವನ್ನೇ ನೋಡುತ್ತಿದ್ದಳು. “ಹೊಗಿ ಹೆಚ್ಚಾಗೈತಿ ಆಯಿ,” ಅಂದೆ. “ಹಂ,” ಅಂದಳು, ತೃಪ್ತಿಯಿಂದ. ಅದಾದ ವಾರದೊಳಗೆ ಹೋಗಿಬಿಟ್ಟಳು.

ಸಿಂದಗಿಯಲ್ಲಿ ಮೊನ್ನೆ, ಮಗುವಿನ ಅಜ್ಜಿ ಪಂಕ್ತಿಯಲ್ಲಿ ಬಂದು ಕೇಳಿದರು: “ಶಿರಾ ಹೆಂಗಾಗೈತ್ರಿ?”

“ಶಿರಾ ಭಾಳ ಛಲೋ ಆಗೈತ್ರಿ. ಮಣೂಕಕ್ಕಷ್ಟ ಹೊಗಿ ಹೆಚ್ಚಾಗೈತಿ.”

ಅವರು ನನ್ನನ್ನು ಒಂದು ಥರ ನೋಡಿ ಮುಂದೆ ಹೋದರು. ಹೋಗಲಿ. ಸೆರಗು ಅಡ್ಡ ಹಿಡಿದು ಆ ಕಾಳನ್ನು ಅಂಗೈಗೆ ಉಗುಳಿದೆ. ಅದನ್ನು ತೋರಿಸಿ ‘ಹೌದಲ್ಲ ಆಯಿ?’ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.