ಕಂಠಾನೂ ನೀಟಿರ್ಲಿ

ರಫೂ ಅಕ್ಕನ ಕೈಗೆ ಹರಿದ ಬಟ್ಟೆ ಸಿಕ್ಕರೆ ಮುಗೀತು, ಅವಳಿಗೆ ಊಟ ತಿಂಡಿಯ ನೆನಪೂ ಇರುವುದಿಲ್ಲ. ಸಿಗರೇಟು ಸುಟ್ಟ ಕೋಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಏನಾದರೂ ತನ್ನಿ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ಸೂಜಿಯಲ್ಲೇ ನೇಯ್ದು, ಎಲ್ಲಿ ಹರಿದಿತ್ತು ಅಂತ ಹರಿದುಕೊಂಡವರಿಗೇ ಗೊತ್ತಾಗದ ಹಾಗೆ ಮಾಡಿ ಕೊಡುತ್ತಿದ್ದಳು. ಅದಕ್ಕೇ ರಫೂ ಅನ್ನುವುದು. ಅವಳಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇದೆ, ಆದರೆ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುವುದು ಅನುಮಾನ.

ಈಗಿನ ಕಾಲ ಹೇಗಿದೆ ನೋಡಿ. ಹರಿದರೆ ಹೊಲಿಸುವವರು ಯಾರು? ಬಿಸಾಕಿ ಹೊಸದು ತರುತ್ತಾರೆ. ಹರಿದದ್ದನ್ನೇ ಅಂಗಡಿಯಿಂದ ಆರಿಸಿ ತರುವವರೂ ಇದ್ದಾರೆ! ನಾದಿನಿಯ ಮಗಳ ಅಂಥದೊಂದು ಪ್ಯಾಂಟನ್ನು ಕಂಡು ಅಕ್ಕ ಪಾಪ ಅಂತ ಎರಡೂ ಮೊಣಕಾಲು ಮುಚ್ಚಿ ಕೊಟ್ಟಿದ್ದಳು. ಆ ಹುಡುಗಿ ಒಂದು ತಿಂಗಳು ಮಾತು ಬಿಟ್ಟಿತು. ಹೀಗಾಗಿ ಅಕ್ಕ ತನ್ನ ರಫೂ ಅಂಗಡಿಗೆ ಬಾಗಿಲು ಹಾಕಿ ಮೂರು ವರ್ಷವಾಗಿತ್ತು. ಅಕ್ಕ ಟಿವಿ ಮುಂದೆ ಕೂತು, ಕುರ್ಚಿಯ ಕವರಿನ ದಾರವನ್ನು ಸುಮ್ಮಸುಮ್ಮನೆ ಕಿತ್ತು ಮತ್ತೆ ಸೇರಿಸುತ್ತಿದ್ದಳು. ಮನೆಯಲ್ಲಿ ಬೇರೆ ಏನೂ ಹರಿದಿರಲಿಲ್ಲ.

ಈ ಕೆಲಸ ಕಲಿಸಿದವರು ಅವಳ ಅತ್ತೆ. ಒಂದು ಕಾಲದಲ್ಲಿ ಕೋರ್ಟಿನ ಕರಿಕೋಟುಗಳೆಲ್ಲ ರಿಪೇರಿಗೆ ಅವರ ಹತ್ತಿರವೇ ಬರುತ್ತಿದ್ದವು. ಹೊಸ ಸೊಸೆಗೆ ಸೂಜಿ ಕೊಟ್ಟು ನೋಡಿದರೆ, ಅಯ್ಯೋ, ಎಡಗೈ! "ಈ ಎಡಚೀನ ಕಟ್ಕೊಂಡು ನಾನೇನ್ ಮಾಡ್ಲಿ?" ಅಂತ ಹಣೆ ಹಣೆ ಚಚ್ಚಿಕೊಂಡರು. ಬಲಗೈಗೆ ಸೂಜಿ ತುರುಕಿದರು, ಎಡಗೈಗೆ ಬಟ್ಟೆ ಸುತ್ತಿ ಕಟ್ಟಿದರು, ಬೈದರು. ಆರು ತಿಂಗಳಾದರೂ ಬಲಗೈ ಸೊಟ್ಟಗೇ ಹೊಲಿಯಿತು. ಕೊನೆಗೆ "ಏನಾದ್ರೂ ಮಾಡ್ಕೊಂಡು ಸಾಯಿ" ಅಂತ ಬಿಟ್ಟುಬಿಟ್ಟರು. ಎಡಗೈ ತನ್ನ ಪಾಡಿಗೆ ತಾನು ಕಲಿತು ಅತ್ತೆಯ ಕೈಯನ್ನೂ ಮೀರಿಸಿತು. ಅದನ್ನು ಅತ್ತೆ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಅತ್ತೆಯ ಕಣ್ಣು ಈಗ ಸೂಜಿಗೆ ಹೊಂದುವುದಿಲ್ಲ, ದಪ್ಪ ಅಕ್ಷರಕ್ಕೆ ಹೊಂದುತ್ತದೆ. ಅವರ ಹತ್ತಿರ ಒಂದು ಹಳೇ ಕಾದಂಬರಿ ಇದೆ. ಹಳ್ಳಿಯ ಕಥೆ. ಅಣ್ಣ, ತಮ್ಮ, ಇಬ್ಬರ ಮನೆ ನಡುವೆ ಒಂದು ಬಾವಿ, ನೀರಿಗಾಗಿ ಜಗಳ. ಅದನ್ನು ಎಷ್ಟು ಸಲ ಓದಿದ್ದರೆಂದರೆ ರಟ್ಟು ಕಿತ್ತುಬಂದು, ಅದಕ್ಕೂ ಬಟ್ಟೆಯ ಬೆನ್ನು ಹೊಲಿದಿದ್ದರು. ಅದೇ ಕಾದಂಬರಿ ಟಿವಿಯಲ್ಲಿ ಧಾರಾವಾಹಿಯಾಗಿ ಬರಲು ಶುರುವಾದ ಮೇಲೆ ಮನೆಯಲ್ಲಿ ಸಂಜೆ ಆರೂವರೆಗೆ ಯಾರೂ ಕೆಮ್ಮುವ ಹಾಗಿಲ್ಲ. ಅತ್ತೆ ತೊಡೆ ಮೇಲೆ ಪುಸ್ತಕ ಬಿಚ್ಚಿಕೊಂಡು, ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಕೂರುತ್ತಾರೆ. ಬಾವಿಯ ಕಟ್ಟೆ ಒಂದಿಷ್ಟು ಎತ್ತರವಾದರೂ "ಪುಸ್ತಕದಲ್ಲಿ ಹೀಗಿಲ್ಲ!" ಅಂತ ಗದರುತ್ತಾರೆ. ಬಸ್ಸು ಓಡಿಸುವ ಮಗ, ಅಂದರೆ ಅಕ್ಕನ ಗಂಡ, "ಅವರಿಗೆ ಕೇಳಿಸಲ್ಲ ಅಮ್ಮಾ" ಅಂದರೆ ಅವನಿಗೂ ಬೀಳುತ್ತದೆ.

ಆ ಧಾರಾವಾಹಿಯ ಶೂಟಿಂಗು ನಡೆಯುತ್ತಿದ್ದದ್ದು ಇವರ ಮನೆಯಿಂದ ಎರಡು ಬೀದಿ ಆಚೆ, ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ. ಒಳಗೆ ಪ್ಲೈವುಡ್ಡಿನ ಹಳ್ಳಿ ಕಟ್ಟಿದ್ದರು. ಬಟ್ಟೆ ನೋಡಿಕೊಳ್ಳುವವರು ಬೇಕೆಂದು ಗೇಟಿಗೆ ಚೀಟಿ ಅಂಟಿಸಿದ ದಿನವೇ ಅಕ್ಕ ಹೋಗಿ ಸೇರಿಕೊಂಡಳು. ಕಬ್ಬಿಣದ ಕಪಾಟುಗಳ ಸಣ್ಣ ಕೋಣೆ, ಇಸ್ತ್ರಿ ಮೇಜು, ಉದ್ದದ ಕಂಬಿಗೆ ತೂಗುಹಾಕಿದ ನೂರಾರು ಅಂಗಿ. ಅಕ್ಕನಿಗೆ ಸ್ವರ್ಗ ಸಿಕ್ಕ ಹಾಗಾಯಿತು. ಎರಡು ದಿನ ಗುಂಡಿ ಹಾಕಿದಳು, ಇಸ್ತ್ರಿ ಮಾಡಿದಳು, ಸತ್ತು ಬಿದ್ದಿದ್ದ ಬೆರಳಿಗೆ ಜೀವ ಬಂತು. ಈ ಕೆಲಸವೊಂದು ಉಳಿದರೆ ಸಾಕಪ್ಪಾ, ಕುರ್ಚಿಯ ದಾರ ಕೀಳುವ ಗತಿ ಮತ್ತೆ ಬೇಡ ಅಂತ ಅವಳ ಹಾರೈಕೆ.

ಮೂರನೇ ದಿನ ಅಣ್ಣತಮ್ಮಂದಿರ ಜಗಳದ ದೃಶ್ಯ ತೆಗೆದರು. ಅಣ್ಣನ ಪಾತ್ರದ ಹಿರಿಯ ನಟರನ್ನು ಎಲ್ಲರೂ 'ದೊಡ್ಡೋರು' ಅನ್ನುತ್ತಾರೆ. ತಮ್ಮ ಅವರ ಕಾಲರ್ ಹಿಡಿದೆಳೆದ, ಅಂಗಿಯ ಭುಜ ಪರ್ ಅಂತ ಹರಿಯಿತು. ಅಣ್ಣ ಹರಿದ ಅಂಗಿಯಲ್ಲೇ ಮನೆಗೆ ಬಂದು, ಹೊಸಿಲ ಮೇಲೆ ಕೂತು, ಹೆಂಡತಿಗೆ ಉದ್ದುದ್ದ ಮಾತು ಹೇಳಬೇಕು. ಅರ್ಧ ಮಾತಾಗುವಾಗ ಕರೆಂಟು ಕೈಕೊಟ್ಟಿತು, ಅಷ್ಟೊಂದು ದೀಪದ ಭಾರವನ್ನು ಜನರೇಟರು ಎಳೆಯಲಿಲ್ಲ. ಉಳಿದರ್ಧ ನಾಳೆ ಅಂದರು.

ಸಹಾಯಕ ನಿರ್ದೇಶಕ ಅಂಗಿ ತಂದು ಅಕ್ಕನಿಗೆ ಕೊಟ್ಟ. ಯಾವಾಗಲೂ ಕಂಕುಳಲ್ಲಿ ಫೈಲು ಇಟ್ಟುಕೊಂಡಿರುತ್ತಾನೆ ಅಂತ ಅವನಿಗೆ 'ಫೈಲು ಸಾರ್' ಅಂತಲೇ ಹೆಸರು. ಅವತ್ತು ಅವನಿಗೆ ಮೂಗು ಕಟ್ಟುವಷ್ಟು ನೆಗಡಿ, ಹೊರಗೆ ಜನರೇಟರಿನ ಗಡಗಡ. ಅವನು ಓಡುತ್ತಲೇ ಒಂದು ಮಾತು ಕೂಗಿ ಹೋದ. ಅಕ್ಕನ ಕಿವಿಗೆ ಬಿದ್ದದ್ದು ಇಷ್ಟು: "ನಾಳೆನೂ ಇದೇ ಅಂಗಿ ಅಕ್ಕಾ, ಕಂಠಾನೂ ನೀಟಿರ್ಲಿ!"

ಕಂಠ? ಅಕ್ಕ ಯೋಚಿಸಿದಳು. ಕಾದಂಬರಿ ಗೀದಂಬರಿ ಓದಿದ ಜನ, ಕಾಲರಿಗೆ ಕಂಠ ಅಂತಿರಬಹುದು. 'ಕಂಠಾನೂ' ಅಂದಮೇಲೆ ಭುಜ ನೀಟಿರಬೇಕು, ಜೊತೆಗೆ ಕಾಲರೂ. ಆಹಾ, ಕೊನೆಗೂ ತನ್ನ ಕೈಗೆ ತಕ್ಕ ಕೆಲಸ!

ಇನ್ನೂ ಬೆಳಕಿತ್ತು. ಅಂಗಿಯನ್ನು ಮನೆಗೆ ತಂದು ಕಿಟಕಿ ಪಕ್ಕ ಕೂತಳು. ಅಂಗಿಯ ಅಂಚಿನ ಮಡಿಕೆಯಿಂದ ಒಂದೊಂದೇ ಎಳೆ ಕಿತ್ತು ಭುಜವನ್ನು ನೇಯ್ದಳು. ಕಾಲರನ್ನು ಬಿಚ್ಚಿ, ಸವೆದ ಮಗ್ಗುಲು ಒಳಗೆ ಹೋಗುವ ಹಾಗೆ ತಿರುಗಿಸಿ ಹೊಲಿದಳು. ಅತ್ತೆ ಎದುರಿಗೆ ಕೂತು ಪುಸ್ತಕ ಓದುತ್ತಿದ್ದರು.

"ನೋಡಿದ್ಯಾ," ಅಂದರು ಅತ್ತೆ, "ಇಲ್ಲಿ ಹೆಂಡ್ತಿ ಒಂದು ಮಾತೂ ಆಡಲ್ಲ. ಗಂಡನ ಮೈಮೇಲಿಂದ ಅಂಗಿ ಬಿಚ್ಚಿಸಿ, ಹೊಲಿದು, ಮತ್ತೆ ತೊಡಿಸ್ತಾಳೆ. ಅವನು ಎದ್ದು ತಮ್ಮನ ಮನೆಗೆ ಹೋಗ್ತಾನೆ. ಎಷ್ಟು ಚೆನ್ನಾಗಿದೆ! ನಿಮ್ಮೋರು ಇದನ್ನೆಲ್ಲ ಎಲ್ಲಿ ತೋರಿಸ್ತಾರೆ? ಕಿತ್ತಾಡೋದು ತೋರಿಸ್ತಾರೆ ಅಷ್ಟೇ."

"ಹೂಂ ಅತ್ತೆ," ಅಂದಳು ಅಕ್ಕ, ಕಣ್ಣು ಎತ್ತದೆ.

ಬೆಳಿಗ್ಗೆ ಗರಿಗರಿ ಇಸ್ತ್ರಿ ಮಾಡಿದ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಹುಮಾನ ತೆಗೆದುಕೊಳ್ಳಲು ಹೊರಟವಳ ಹಾಗೆ ಹೋದಳು. ದೊಡ್ಡೋರು ತೊಟ್ಟುಕೊಂಡು ಹೊಸಿಲ ಮೇಲೆ ಕೂತರು. ಭುಜ ಸವರಿಕೊಂಡರು. ಆ ಭುಜವಲ್ಲವೇನೋ ಅಂತ ಇನ್ನೊಂದನ್ನು ಸವರಿದರು. ಫೈಲು ಸಾರ್ ಫೈಲು ಬಿಚ್ಚಿ ನಿನ್ನೆಯ ಫೋಟೋ ನೋಡಿದ, ಅಂಗಿ ನೋಡಿದ, ಮತ್ತೆ ಫೋಟೋ ನೋಡಿದ.

"ಅಕ್ಕಾ! ಹರಿದಿದ್ದು ಎಲ್ಲಿ?"

"ಎಲ್ಲೂ ಇಲ್ಲ ಸಾರ್," ಅಂದಳು ಅಕ್ಕ ಹೆಮ್ಮೆಯಿಂದ. "ಹುಡುಕಿದ್ರೂ ಸಿಗಲ್ಲ. ಕಂಠಾನೂ ನೀಟು."

"ಯಾವ ಕಂಠ?"

"ನೀವೇ ಹೇಳಿದ್ರಲ್ಲ ಸಾರ್, ಕಂಠಾನೂ ನೀಟಿರ್ಲಿ ಅಂತ."

ಫೈಲು ಸಾರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಕಂಟಿನ್ಯೂಟಿ ಇರ್ಲಿ ಅಂದೆ ತಾಯೀ! ಕಂಟಿನ್ಯೂಟಿ! ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರ್ಬೇಕು ಅಂತ! ಅರ್ಧ ಮಾತು ಹರಿದ ಅಂಗೀಲಿ, ಇನ್ನರ್ಧ ಇಸ್ತ್ರಿ ಅಂಗೀಲಿ ಆಡಿದ್ರೆ ಜನ ನಗಲ್ವಾ?"

ಅಂಥ ಬಟ್ಟೆಯಲ್ಲಿ ಇನ್ನೊಂದು ಅಂಗಿ ಇರಲಿಲ್ಲ. ದೊಡ್ಡೋರು ಮಧ್ಯಾಹ್ನದ ರೈಲು ಹಿಡಿಯಬೇಕು, ಮತ್ತೆ ಬರುವುದು ತಿಂಗಳಾದ ಮೇಲೆ. ಈ ಕಂತು ಟಿವಿಗೆ ಹೋಗಬೇಕಾದದ್ದು ನಾಲ್ಕೇ ದಿನದಲ್ಲಿ. "ಮತ್ತೆ ಹರೀರಿ" ಅಂದ ಫೈಲು ಸಾರ್. ಅಕ್ಕ ಅಂಗಿ ಬಿಚ್ಚಿಸಿಕೊಂಡು ಹಿಡಿದೆಳೆದಳು. ರಫೂ ಮಾಡಿದ ಜಾಗ ಅಲ್ಲಾಡಲಿಲ್ಲ! ಹಳೇ ಬಟ್ಟೆಗಿಂತ ಅದೇ ಗಟ್ಟಿ. ಇನ್ನೂ ಜೋರಾಗಿ ಎಳೆದರೆ ಪಕ್ಕದಲ್ಲಿ ಎಲ್ಲೋ ಹರಿಯುತ್ತದೆ, ಫೋಟೋದಲ್ಲಿದ್ದ ಹಾಗೆ ಅಲ್ಲ. ನೇಯ್ದದ್ದನ್ನೆಲ್ಲ ಒಂದೊಂದೇ ಎಳೆ ಬಿಚ್ಚಲು ಕೂತರೆ ರೈಲಿನ ಹೊತ್ತು ಮೀರುತ್ತದೆ. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಅಕ್ಕ ತನ್ನನ್ನು ತಾನೇ ಶಪಿಸಿಕೊಂಡಿದ್ದು ಜನ್ಮದಲ್ಲಿ ಅದೇ ಮೊದಲು.

ನಿರ್ದೇಶಕಿ ಮೇಡಂ ಬಂದರು. ಕೂಗಾಡುವ ಹೆಂಗಸಲ್ಲ ಅದು. ಕುರ್ಚಿ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಕೂಗಾಡಿದ್ದರೇ ವಾಸಿಯಿತ್ತು. ನಾಳೆಯಿಂದ ಬರಬೇಡಿ ಅನ್ನುವ ಮಾತು ಅವರ ಬಾಯಿಂದ ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ ಅಕ್ಕ ಕಾದಳು. ಅದು ಬೀಳುವ ಮೊದಲೇ, ಭಯಕ್ಕೋ ಏನೋ, ಅವಳ ಬಾಯಿ ತಾನಾಗಿ ಮಾತಾಡಿತು.

"ಮೇಡಂ, ನಮ್ಮತ್ತೆ ಹೇಳ್ತಾರೆ... ಪುಸ್ತಕದಲ್ಲಿ ಹೆಂಡ್ತಿ ಅಂಗೀನ ಹೊಲಿದು ಕೊಡ್ತಾಳಂತೆ. ಮಾತೇ ಆಡಲ್ವಂತೆ."

ಮೇಡಂ ಕಣ್ಣು ಬಿಟ್ಟರು. "ಗೊತ್ತಮ್ಮಾ. ಅದನ್ನ ತೆಗೆದುಹಾಕಿದ್ದು ನಾನೇ." ಹೆಂಡತಿ ಪಾತ್ರದ ನಟಿಯ ಕಡೆ ಕೈ ತೋರಿಸಿದರು. "ಇವಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಅದಕ್ಕೇ ಮಾತು ಬರೆಸಿದೆ."

ನಟಿ ನಾಲಿಗೆ ಕಚ್ಚಿಕೊಂಡಳು. ಆಗ ಹೊಸಿಲ ಮೇಲಿಂದ ದೊಡ್ಡೋರು ಗಂಟಲು ಸರಿಮಾಡಿಕೊಂಡರು. "ಈಯಮ್ಮನಿಗೆ ಬರುತ್ತಲ್ಲ! ಕೈ ಇವರದ್ದು ತೋರಿಸಿ, ಮುಖ ಆಕೆಯದು ತೋರಿಸಿ. ಹರಿದ ಅಂಗೀಲಿ ನಿನ್ನೆ ಆಡಿದ ಮಾತು ಹಾಗೇ ಇರ್ಲಿ, ಆಮೇಲೆ ಹೊಲಿಯೋದು, ಆಮೇಲೆ ಹೊಲಿದ ಅಂಗಿ ತೊಟ್ಟು ನಾನು ಎದ್ದು ಹೋಗೋದು. ಉಳಿದರ್ಧ ಬಾಯಿಪಾಠ ಮಾಡೋದು ನನಗೂ ತಪ್ಪುತ್ತೆ. ಹತ್ತು ಸಾಲು ಇನ್ನೂ ತಲೆಗೆ ಹೋಗಿಲ್ಲ, ಸುಳ್ಯಾಕೆ ಹೇಳ್ಲಿ?"

ಮೇಡಂ ಅಂಗಿಯ ಭುಜವನ್ನು ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. "ಬೇಗ ಬೇಗ," ಅಂದರು, ಅಷ್ಟೇ.

ಹೋದ ಜೀವ ಬಂದ ಹಾಗಾಯಿತು ಅಕ್ಕನಿಗೆ. ಕೊನೆಯ ನಾಲ್ಕು ಸಾಲು ಎಳೆ ಬಿಚ್ಚಿ, ನಟಿಯ ಬಳೆ ತೊಟ್ಟು, ದೀಪದ ಕೆಳಗೆ ಕೂತು ಮತ್ತೆ ನೇಯ್ದಳು. ಕ್ಯಾಮೆರಾ ಅವಳ ಬೆರಳಿಗೆ ಮೂಗು ತಾಗುವಷ್ಟು ಹತ್ತಿರ ಬಂತು. ನಲವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಕೈ ನಡುಗಲಿಲ್ಲ. ಸೂಜಿ ಹಿಡಿದ ಮೇಲೆ ಅದು ಯಾವತ್ತೂ ನಡುಗಿದ್ದಿಲ್ಲ. ದೊಡ್ಡೋರು ರೈಲು ಹಿಡಿದರು. ಫೈಲು ಸಾರ್ ಅವಳಿಗೆ ಒಂದು ಲೋಟ ಟೀ ತಂದುಕೊಟ್ಟು, "ಇನ್ಮೇಲೆ ಬರೆದೇ ಕೊಡ್ತೀನಿ ಅಕ್ಕಾ" ಅಂದ.

ಮನೆಯಲ್ಲಿ ಮಾತ್ರ ಅಕ್ಕ ತುಟಿ ಬಿಚ್ಚಲಿಲ್ಲ. ಅತ್ತೆಯ ಪುಸ್ತಕದೊಳಗೆ ಎಡಚಿಯೊಬ್ಬಳು ಕೈಹಾಕಿದ್ದಾಳೆ ಅಂತ ಹೇಗೆ ಹೇಳುವುದು?

ಅದಾದ ನಾಲ್ಕನೇ ದಿನ ಸಂಜೆ ಆರೂವರೆಗೆ ಮೂವರೂ ಟಿವಿ ಮುಂದೆ ಕೂತರು. ಜಗಳವಾಯಿತು, ಅಂಗಿ ಹರಿಯಿತು, ಅಣ್ಣ ಹೊಸಿಲ ಮೇಲೆ ಕೂತು ಮಾತಾಡಿದ. ಹೆಂಡತಿ ಬಲಗೈಯಲ್ಲಿ ನೀರಿನ ಚೊಂಬು ಕೊಟ್ಟಳು, ಬಲಗೈಯಲ್ಲೇ ಅವನ ಕಣ್ಣೊರೆಸಿದಳು. ಆಮೇಲೆ ಮಾತು ನಿಂತಿತು. ಪರದೆ ತುಂಬ ಎರಡು ಕೈ, ಒಂದು ಸೂಜಿ, ಒಂದು ಎಳೆಯ ಕೆಳಗೆ, ಇನ್ನೊಂದರ ಮೇಲೆ ಹೋಗುತ್ತಾ.

ಅಕ್ಕ ತನ್ನ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಸೂಜಿ ಇದ್ದದ್ದು ಎಡಗೈಯಲ್ಲಿ. ಮೇಡಂ ನೋಡಿರಲಿಲ್ಲ, ದೊಡ್ಡೋರು ನೋಡಿರಲಿಲ್ಲ, ಫೈಲು ಹಿಡಿದವನೂ ನೋಡಿರಲಿಲ್ಲ. ನೀರು ಕೊಟ್ಟ ಹೆಂಗಸು ಬಲಗೈಯವಳು, ಹೊಲಿಯುವವಳು ಎಡಚಿ. ಕಂಟಿನ್ಯೂಟಿ! ಈ ಮನೆಯಲ್ಲಿ ಬಾವಿಕಟ್ಟೆಯ ಎತ್ತರವನ್ನೇ ಬಿಡದವರು ಇದನ್ನು ಬಿಡುತ್ತಾರೆಯೇ?

ಅತ್ತೆ ಮುಂದಕ್ಕೆ ಬಾಗಿದರು. ಕನ್ನಡಕ ಒರೆಸಿ ಹಾಕಿಕೊಂಡರು. ಪರದೆಯ ಕೈ ನೋಡಿದರು, ಪಕ್ಕದಲ್ಲಿ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡು ಕೂತಿದ್ದ ಸೊಸೆಯನ್ನು ನೋಡಿದರು. ಮಗ ಏನೋ ಹೇಳಲು ಬಾಯಿ ತೆರೆದ. "ಸುಮ್ನಿರೋ" ಅಂದರು.

ಪರದೆಯ ಮೇಲೆ ಅಣ್ಣ ಅಂಗಿ ತೊಟ್ಟು ತಮ್ಮನ ಮನೆ ಕಡೆ ಹೊರಟ. ಅತ್ತೆ ಪುಸ್ತಕದ ಆ ಪುಟ ತೆಗೆದು, ಬೆರಳಿಟ್ಟು, ಮೇಲಿಂದ ಕೆಳಗೆ ನಿಧಾನವಾಗಿ ಓದಿದರು.

"ಎಡಗೈಲಿ ಹೊಲಿದಳು ಅಂತ ಪುಸ್ತಕದಲ್ಲಿಲ್ಲ," ಅಂದರು ಅತ್ತೆ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. "ಬರೆಯೋದು ಮರೆತಿದ್ದಾನೆ ಪುಣ್ಯಾತ್ಮ."